ನೀರು ನೋಡಿ ತಿಂಗಳು ಗೊತ್ತುಮಾಡಿ: ಮಳೆಕಾಡಿನ ನದಿಯಾನದ ಪ್ರಶ್ನೋತ್ತರ

ಅಮೆಜಾನ್ ಕಾಡಿನ ನಡುವೆ ಬೋಟಿನಲ್ಲೇ ಮೂರು ನಾಲ್ಕು ರಾತ್ರಿ ಕಳೆದು ಬರಬೇಕೆಂಬ ಆಸೆ ನಮ್ಮ ಓದುಗರಲ್ಲಿ ಇಷ್ಟೊಂದು ಜನಕ್ಕಿದೆ ಎಂದು ಪತ್ರಗಳ ಕಟ್ಟು ಬಿಚ್ಚಿದ ಮೇಲೇ ತಿಳಿದದ್ದು. ಮೈಸೂರು, ಮಂಡ್ಯ ಜಿಲ್ಲೆಗಳಿಂದ ಬಂದ ಪ್ರಶ್ನೆಗಳಲ್ಲಿ ಒಂದೇ ಅರ್ಥದವನ್ನು ಒಟ್ಟುಮಾಡಿ ಪ್ರವಾಸ ವಿಭಾಗದವರು ಇಲ್ಲಿ ಉತ್ತರಿಸಿದ್ದಾರೆ. ಹೆಸರು ಹಾಕಬೇಡಿ ಎಂದವರೇ ಹೆಚ್ಚು. ಹಾಗಾಗಿ ಎಲ್ಲರದ್ದೂ ಊರು ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ: ಮಕ್ಕಳಿಗೆ ಏಪ್ರಿಲ್, ಮೇ ರಜೆ. ಆಗ ಅಮೆಜಾನ್‌ಗೆ ಹೋಗಬಹುದೇ? ಆಗ ಅಲ್ಲಿ ಮಳೆಗಾಲ, ಒಣಗಾಲಕ್ಕೆ ಕಾಯಿರಿ ಎನ್ನುತ್ತಾರೆ. (ಪಾಂಡವಪುರ)

ಧಾರಾಳವಾಗಿ ಹೋಗಬಹುದು. ಮಳೆಗಾಲ, ಒಣಗಾಲ ಎಂಬ ಲೆಕ್ಕವನ್ನೇ ಪಕ್ಕಕ್ಕಿಡಿ. ಮಳೆಕಾಡಿನಲ್ಲಿ ಮಳೆ ವರ್ಷವಿಡೀ ಬರುತ್ತದೆ. ಬದಲಾಗುವುದು ನದಿಯ ಮಟ್ಟ. ನಿಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೇಪರ್ ಕೈಗೆ ಬಂದರೆ ಕನ್ನಂಬಾಡಿ ಕಟ್ಟೆ ಎಷ್ಟು ಅಡಿಗೆ ಬಂತು, 124.80ಕ್ಕೆ ಇನ್ನೆಷ್ಟು ಬಾಕಿ ಎಂದು ನೋಡಿಯೇ ಮುಂದಿನ ಪುಟ ತಿರುವುವವರು ನೀವು. ಬ್ರೆಜಿಲ್‌ನ ಮನೌಸ್ ಬಂದರಿನಲ್ಲೂ 1902ರಿಂದ ಹೀಗೆಯೇ ನೀರಿನ ಮಟ್ಟ ಬರೆದಿಡುತ್ತಾ ಬಂದಿದ್ದಾರೆ. ಅಲ್ಲಿ ನದಿ ವರ್ಷಕ್ಕೊಮ್ಮೆ ಸರಾಸರಿ 10 ಮೀಟರ್, ಅಂದರೆ 33 ಅಡಿಯಷ್ಟು ಏರಿ ಮತ್ತೆ ಇಳಿಯುತ್ತದೆ. ಅದೂ ಕಟ್ಟೆಯ ಹಿನ್ನೀರಲ್ಲ, ಹರಿಯುವ ನದಿ.

ಏರಿಕೆ ಎಲ್ಲ ಕಡೆ ಒಂದೇ ತಿಂಗಳಲ್ಲಿ ಆಗುವುದಿಲ್ಲ. ಪೆರುವಿನ ಇಕಿಟೋಸ್ ಕಡೆ ಡಿಸೆಂಬರಿನಿಂದ ಮೇವರೆಗೆ ನೀರು ಮೇಲಿರುತ್ತದೆ, ಜೂನ್‌ನಿಂದ ನವೆಂಬರ್‌ವರೆಗೆ ಕೆಳಗೆ. ಅದೇ ನೀರು ಮನೌಸ್ ಹತ್ತಿರ ತುದಿ ಮುಟ್ಟುವುದು ಜೂನ್ ಹೊತ್ತಿಗೆ, ತಳ ಕಾಣುವುದು ಅಕ್ಟೋಬರ್, ನವೆಂಬರಿನಲ್ಲಿ. ಈ ತಡಕ್ಕೆ ಕಾರಣ ಇಳಿಜಾರು ಇಲ್ಲದಿರುವುದು. ಇಕಿಟೋಸ್ ಸಮುದ್ರದಿಂದ ಸುಮಾರು 3,600 ಕಿ.ಮೀ. ಒಳಗಿದ್ದರೂ ಎತ್ತರ ನೂರು ಮೀಟರ್ ಆಸುಪಾಸು, ಅಷ್ಟೇ. ನಮ್ಮ ಮೈಸೂರು 750 ಮೀಟರಿಗೂ ಮೇಲಿದೆ. ಅಷ್ಟು ಚಪ್ಪಟೆ ನೆಲದಲ್ಲಿ ನೆರೆ ತೆವಳಿಕೊಂಡೇ ಮುಂದೆ ಹೋಗುತ್ತದೆ.

ನೀರು ಮೇಲಿದ್ದಾಗ ಕಾಡೇ ಮುಳುಗುತ್ತದೆ. ಸಣ್ಣ ದೋಣಿ ಮರಗಳ ನಡುವೆ, ಕೊಂಬೆಗಳ ಮಟ್ಟದಲ್ಲಿ ಸಾಗುತ್ತದೆ. ಕೋತಿ, ಕೊಂಬೆಗೆ ಜೋತುಬೀಳುವ ನಿಧಾನಗತಿಯ ಪ್ರಾಣಿ ಸ್ಲಾತ್, ಹಕ್ಕಿಗಳು ಕಣ್ಣೆತ್ತರಕ್ಕೇ ಸಿಗುತ್ತವೆ. ನೆಲದ ಮೇಲೆ ನಡೆಯುವ ದಾರಿಗಳು ಮಾತ್ರ ಹೆಚ್ಚಿನವು ನೀರೊಳಗೆ. ನೀರು ಇಳಿದಾಗ ಮರಳ ದಿಣ್ಣೆಗಳು ಏಳುತ್ತವೆ, ಮೊಸಳೆ ಜಾತಿಯ ಕೇಮನ್‌ಗಳೂ ನೀರುಹಕ್ಕಿಗಳೂ ದಂಡೆಗೆ ಬರುತ್ತವೆ, ಕಾಡಿನೊಳಗೆ ನಡೆಯಬಹುದು, ಸೊಳ್ಳೆಯೂ ಕಡಿಮೆ. ಆದರೆ ಒಳಗಿನ ಕಾಲುವೆ, ಕೆರೆಗಳಿಗೆ ದೋಣಿ ಹೋಗದೆ ಇರಬಹುದು. ಬೇಸಿಗೆ ರಜೆಯಲ್ಲೇ ಹೋಗುವುದಾದರೆ ಪೆರು ಹಿಡಿಯಿರಿ. ದಸರಾ ರಜೆಗೆ ಮನೌಸ್ ಬೇಡ: 2023, 2024 ಎರಡೂ ವರ್ಷ ಅಕ್ಟೋಬರಿನಲ್ಲಿ ಅಲ್ಲಿಯ ನದಿ, ದಾಖಲೆ ಶುರುವಾದ ಮೇಲೆ ಎಂದೂ ಕಾಣದಷ್ಟು ಕೆಳಗೆ ಹೋಗಿ ದೋಣಿಗಳು ಮರಳಿನ ಮೇಲೆ ಕೂತವು.

ಪ್ರಶ್ನೆ: ಕೆಆರ್‌ಎಸ್‌ನಿಂದ ನೀರು ಬಿಟ್ಟ ಕೂಡಲೇ ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸುತ್ತಾರೆ. ನೆರೆ ಬಂದ ಅಮೆಜಾನ್‌ನಲ್ಲಿ ಹೋಗುವುದು ಅಪಾಯವಲ್ಲವೇ? (ಶ್ರೀರಂಗಪಟ್ಟಣ)

ನಿಮ್ಮಲ್ಲಿ ಲಕ್ಷ ಕ್ಯೂಸೆಕ್ ದಾಟಿದರೆ ಊರೆಲ್ಲ ನದಿ ದಂಡೆಯಲ್ಲಿ. ಅಮೆಜಾನ್ ಸಮುದ್ರಕ್ಕೆ ಸುರಿಯುವ ನೀರು ಸರಾಸರಿ ಸೆಕೆಂಡಿಗೆ 2 ಲಕ್ಷ ಘನ ಮೀಟರಿಗೂ ಹೆಚ್ಚು. ನಮ್ಮ ಲೆಕ್ಕಕ್ಕೆ ತಿರುಗಿಸಿದರೆ 70 ಲಕ್ಷ ಕ್ಯೂಸೆಕ್ ದಾಟುತ್ತದೆ. ಕೇಳಿದರೆ ಎದೆ ಝಲ್ಲೆನ್ನುತ್ತದೆ, ಸರಿ. ಆದರೆ ರಂಗನತಿಟ್ಟಿನಲ್ಲಿ ಅಪಾಯ ನೀರಿನ ಮೊತ್ತದಿಂದಲ್ಲ. ಅಲ್ಲಿ ಬಂಡೆಗಳಿವೆ, ಇಳಿಜಾರಿದೆ, ಗೇಟು ಎತ್ತಿದರೆ ಗಂಟೆಗಳಲ್ಲಿ ಮಟ್ಟ ಏರುತ್ತದೆ. ಅಮೆಜಾನ್ ಏರುವುದು ದಿನಕ್ಕೆ ಕೆಲವೇ ಸೆಂಟಿಮೀಟರ್. ಬೋಟುಗಳು ಓಡಾಡುವ ಹಾದಿಯಲ್ಲಿ ಬಂಡೆಗಳ ತಂಟೆ ಇಲ್ಲ, ಆಳ ಬೇಕಾದಷ್ಟಿದೆ.

ಅಲ್ಲಿನ ಚಾಲಕರು ಹೆದರುವುದು ಎರಡಕ್ಕೆ. ನೀರು ಏರುವಾಗ ದಂಡೆ ಕುಸಿದು ತೇಲಿ ಬರುವ ಮರದ ದಿಮ್ಮಿಗಳು. ಇಳಿದಾಗ ಕಳೆದ ವರ್ಷ ಇಲ್ಲದ ಜಾಗದಲ್ಲಿ ಎದ್ದ ಮರಳ ದಿಣ್ಣೆ. ಅದಕ್ಕೇ ರಾತ್ರಿ ಸರ್ಚ್‌ಲೈಟ್ ಆಡಿಸುತ್ತಾ ನಿಧಾನ ಹೋಗುತ್ತಾರೆ, ಇಲ್ಲವೇ ದಂಡೆಯ ಮರಕ್ಕೆ ಹಗ್ಗ ಕಟ್ಟಿ ನಿಲ್ಲುತ್ತಾರೆ. ಬುಕ್ ಮಾಡುವ ಮುನ್ನ ರಾತ್ರಿ ಓಡಿಸುತ್ತೀರಾ, ಕಟ್ಟುತ್ತೀರಾ ಎಂದು ಕೇಳಿ. ಲೈಫ್ ಜಾಕೆಟ್ ಸಣ್ಣ ದೋಣಿಯಲ್ಲಿ ಎಲ್ಲರಿಗೂ, ಮಕ್ಕಳಿಗೆ ಮಕ್ಕಳ ಅಳತೆಯದ್ದೇ ಇರಬೇಕು. ದೊಡ್ಡವರದ್ದು ಮಗುವಿಗೆ ಕಟ್ಟಿದರೆ ನೀರಿನಲ್ಲಿ ಜಾಕೆಟ್ ಮೇಲೆ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ.

ಪ್ರಶ್ನೆ: ಎಲ್ಲಿಂದ ಹತ್ತಬೇಕು? ಇಕಿಟೋಸ್, ಮನೌಸ್ ಎರಡು ಹೆಸರು ಕೇಳಿಬರುತ್ತಿವೆ. (ಹೆಬ್ಬಾಳ, ಮೈಸೂರು)

ಮೂರನೆಯದೂ ಒಂದಿದೆ, ಈಕ್ವೆಡಾರ್‌ನ ಕೋಕಾ. ಅಲ್ಲಿಂದ ನಾಪೊ ನದಿ, ಯಾಸುನಿ ರಾಷ್ಟ್ರೀಯ ಉದ್ಯಾನದ ಕಡೆ.

ಕಾಡು, ಪ್ರಾಣಿ, ಪಕ್ಷಿಯೇ ಮುಖ್ಯ ಎನ್ನುವವರಿಗೆ ನಮ್ಮ ಮತ ಇಕಿಟೋಸ್‌ಗೆ. ರಸ್ತೆಯಲ್ಲಿ ಹೊರಗಿನಿಂದ ತಲುಪಲಾಗದ ನಗರಗಳಲ್ಲಿ ಜಗತ್ತಿಗೇ ದೊಡ್ಡದು ಅದು. ಲಿಮಾದಿಂದ ವಿಮಾನದಲ್ಲಿ ಎರಡು ಗಂಟೆಯೊಳಗೆ. ಅಲ್ಲಿಂದ ಹೊರಡುವ ಏಕೈಕ ಹೆದ್ದಾರಿ ಸುಮಾರು 100 ಕಿ.ಮೀ. ಓಡಿ ನೌಟ ಎಂಬ ಊರಿನಲ್ಲಿ ಮುಗಿಯುತ್ತದೆ. ಅನೇಕ ಬೋಟುಗಳು ಹೊರಡುವುದು ಆ ನೌಟದಿಂದಲೇ. ಅದರ ಹತ್ತಿರವೇ ಮರನ್ಯೋನ್, ಉಕಯಾಲಿ ನದಿಗಳು ಕೂಡಿ ಅಮೆಜಾನ್ ಎಂಬ ಹೆಸರು ಪಡೆಯುತ್ತವೆ, ಅವೆರಡರ ನಡುವೆ ಪಕಾಯಾ ಸಮೀರಿಯಾ ಮೀಸಲು ಕಾಡು: 20,000 ಚದರ ಕಿ.ಮೀ. ಮೇಲೆ. ಮೈಸೂರು, ಮಂಡ್ಯ, ಚಾಮರಾಜನಗರ ಮೂರು ಜಿಲ್ಲೆ ಕೂಡಿಸಿದರೂ ಅಷ್ಟಾಗುವುದಿಲ್ಲ. ಬೋಟುಗಳು ಚಿಕ್ಕವು, ಹದಿನೈದು ಇಪ್ಪತ್ತು ಕ್ಯಾಬಿನ್ ಇದ್ದರೆ ಅದೇ ದೊಡ್ಡದು. ದಿನಕ್ಕೆರಡು ಸಲ ಅಲ್ಯೂಮಿನಿಯಂ ದೋಣಿಗಳಲ್ಲಿ ಎಂಟು ಹತ್ತು ಜನರನ್ನು ಕೂರಿಸಿ ಒಳ ತೊರೆಗಳಿಗೆ ಕರೆದೊಯ್ಯುತ್ತಾರೆ. ಯಾನದ ಸಾರವೆಲ್ಲ ಆ ಸಣ್ಣ ದೋಣಿಯಲ್ಲೇ ಇದೆ.

ಮನೌಸ್‌ನ ಗುಣ ಬೇರೆ. ರಬ್ಬರ್ ದುಡ್ಡಿನಲ್ಲಿ ಕಟ್ಟಿ 1896ರಲ್ಲಿ ತೆರೆದ ನಾಟಕ ಮಂದಿರವಿರುವ ಮಹಾನಗರ ಅದು. ರಿಯೊ ನೀಗ್ರೊ ನದಿಯಲ್ಲಿ ಮೇಲಕ್ಕೆ ಹೋದರೆ ಸುಮಾರು 400 ನಡುಗಡ್ಡೆಗಳ ಅನವಿಲ್ಯಾನಸ್ ಸಿಗುತ್ತದೆ. ಸೊಳ್ಳೆಗೆ ಹೆದರುವವರು ಇದನ್ನು ಆರಿಸಿಕೊಳ್ಳಬಹುದು, ಕಾರಣ ಮುಂದಿನ ಉತ್ತರದಲ್ಲಿದೆ.

ಸಮುದ್ರದಿಂದ ಮನೌಸ್‌ವರೆಗೆ ಬರುವ ಸಾವಿರ ಜನರ ದೊಡ್ಡ ಹಡಗಿನ ಜಾಹೀರಾತು ನೋಡಿ ಮರುಳಾಗಬೇಡಿ. ಅದು ಒಳ ತೊರೆಗೆ ನುಗ್ಗದು. ನಡು ನದಿಯಿಂದ ನೋಡಿದರೆ ಕಾಡು ದಿಗಂತದಲ್ಲಿ ಎಳೆದ ಹಸಿರು ಗೆರೆ, ಅಷ್ಟೇ.

ಪ್ರಶ್ನೆ: ಎರಡು ಬಣ್ಣದ ನದಿ ಬೆರೆಯದೆ ಹರಿಯುವುದು ನಿಜವೇ? ನಮ್ಮೂರ ಸಂಗಮದಲ್ಲಿ ಕಾವೇರಿ, ಕಪಿಲೆ ಸೇರಿದ ಮೇಲೆ ಯಾವುದು ಯಾವುದೆಂದು ತಿಳಿಯುವುದಿಲ್ಲ. (ತಿ. ನರಸೀಪುರ)

ನಿಜ. ಮನೌಸ್ ಬಳಿ ರಿಯೊ ನೀಗ್ರೊ, ಸೊಲಿಮೋಯಿಸ್ (ಅಲ್ಲಿಯವರೆಗಿನ ಅಮೆಜಾನ್‌ಗೆ ಬ್ರೆಜಿಲ್‌ನವರ ಹೆಸರು) ಸೇರಿ ಸುಮಾರು 6 ಕಿ.ಮೀ. ದೂರ ಪಕ್ಕಪಕ್ಕದಲ್ಲೇ ಹೋಗುತ್ತವೆ. ನೀಗ್ರೊ ನೀರು ಹಾಲು ಹಾಕದ ಡಿಕಾಕ್ಷನ್; ಮರಳು ನೆಲದ ಕಾಡಿನಲ್ಲಿ ಕೊಳೆತ ಎಲೆಗಳ ರಸ ಇಳಿದು ಆ ಬಣ್ಣ. ಸೊಲಿಮೋಯಿಸ್ ಆಂಡೀಸ್ ಬೆಟ್ಟಗಳ ಹೂಳು ಹೊತ್ತು ಬರುವುದರಿಂದ ಹಾಲು ಹೆಚ್ಚಾದ ಟೀ. ನೀಗ್ರೊ ಗಂಟೆಗೆ 2 ಕಿ.ಮೀ. ಆಸುಪಾಸಿನಲ್ಲಿ ನಿಧಾನ, ಸೊಲಿಮೋಯಿಸ್ 4ರಿಂದ 6 ಕಿ.ಮೀ. ಓಟ; ಬಿಸುಪು ಬೇರೆ, ಹೂಳಿನ ತೂಕ ಬೇರೆ. ಅದಕ್ಕೇ ಬೆರೆಯಲು ಹೊತ್ತು ಹಿಡಿಯುತ್ತದೆ. ದೋಣಿ ಗೆರೆ ದಾಟುವಾಗ ಕೈ ಇಳಿಬಿಟ್ಟರೆ ನೀರಿನ ಬಿಸಿ ಬದಲಾಗುವುದು ಬೆರಳಿಗೇ ಗೊತ್ತಾಗುತ್ತದೆ. ಕಪ್ಪು ನೀರು ಹುಳಿ, ಅದರಲ್ಲಿ ಪೋಷಕಾಂಶ ಕಡಿಮೆ. ಸೊಳ್ಳೆ ಮರಿ ಚೆನ್ನಾಗಿ ಬೆಳೆಯುವುದಿಲ್ಲ.

ಪ್ರಶ್ನೆ: ಮಗ ಅಮೆರಿಕದಲ್ಲಿದ್ದಾನೆ. ಅವನ ಮನೆಗೆ ಹೋದಾಗ ಅಲ್ಲಿಂದಲೇ ಅಮೆಜಾನ್ ನೋಡಿ ಬರುವ ಯೋಚನೆ. ವೀಸಾ, ಲಸಿಕೆ ಏನೇನು ಬೇಕು? ನಮಗಿಬ್ಬರಿಗೂ 60 ದಾಟಿದೆ. (ಕುವೆಂಪುನಗರ, ಮೈಸೂರು)

ಒಳ್ಳೆಯ ಯೋಚನೆ, ಖರ್ಚೂ ಉಳಿಯುತ್ತದೆ. ಭಾರತದಿಂದ ದಕ್ಷಿಣ ಅಮೆರಿಕಕ್ಕೆ ನೇರ ವಿಮಾನವಿಲ್ಲ. ಬೆಂಗಳೂರಿನಿಂದಲೇ ಹೊರಟರೆ ದೋಹಾ, ದುಬೈ ಮೇಲೆ ಸಾವ್ ಪಾವ್ಲೊ, ಅಲ್ಲಿಂದ ಮನೌಸ್‌ಗೆ ಮತ್ತೆ ನಾಲ್ಕು ಗಂಟೆ. ಪೆರುವಿಗಾದರೆ ಯೂರೋಪ್ ಮೇಲೆ ಲಿಮಾ.

ನಿಮ್ಮ ಹತ್ತಿರ ಅಮೆರಿಕದ ವೀಸಾ ಇರುವುದು ದೊಡ್ಡ ಅನುಕೂಲ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಥವಾ ಯೂರೋಪಿನ ಷೆಂಗೆನ್ ವೀಸಾ ಇನ್ನೂ ಆರು ತಿಂಗಳಾದರೂ ಚಾಲ್ತಿಯಲ್ಲಿರುವ ಭಾರತೀಯರು ಪೆರುವಿಗೆ ಪ್ರತ್ಯೇಕ ಪ್ರವಾಸಿ ವೀಸಾ ಇಲ್ಲದೆ ಹೋಗಬಹುದು. ಬ್ರೆಜಿಲ್‌ಗೆ ಈ ರಿಯಾಯಿತಿ ಇಲ್ಲ, ವೀಸಾ ಬೇಕು. ಅಮೆರಿಕದ ವೀಸಾ ಮಲ್ಟಿಪಲ್ ಎಂಟ್ರಿಯದೇ ಎಂದು ನೋಡಿಕೊಳ್ಳಿ, ಇಲ್ಲದಿದ್ದರೆ ಲಿಮಾದಿಂದ ಮಗನ ಮನೆಗೆ ವಾಪಸ್ ಹೋಗಲಾಗದು. ನಿಯಮ ಬದಲಾಗುತ್ತಿರುತ್ತವೆ, ಟಿಕೆಟ್ ಕೊಳ್ಳುವ ವಾರ ಆಯಾ ದೇಶದ ರಾಯಭಾರ ಕಚೇರಿಯ ಪುಟ ತೆರೆದು ಓದಿ. ಏಜೆಂಟರ ಬಾಯಿಮಾತು ಸಾಲದು.

ಇನ್ನು ಲಸಿಕೆ. ಹೆಚ್ಚಿನವರು ಎಡವುವುದು ಇಲ್ಲೇ, ಅದೂ ಹೋಗುವಾಗ ಅಲ್ಲ, ಬರುವಾಗ. ಬ್ರೆಜಿಲ್, ಪೆರು, ಈಕ್ವೆಡಾರ್ ಮೂರೂ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿವೆ. ಅಲ್ಲಿಂದ ಹೊರಟು ಆರು ದಿನದೊಳಗೆ ಭಾರತದಲ್ಲಿ ಇಳಿಯುವವರ ಬಳಿ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು, ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ. ಮಾಡಬೇಕಾದ್ದು ಹೀಗೆ. ಕೇಂದ್ರ ಆರೋಗ್ಯ ಸಚಿವಾಲಯದ ಪಟ್ಟಿಯಲ್ಲಿರುವ ಕೇಂದ್ರದಲ್ಲೇ ಹಾಕಿಸಿಕೊಳ್ಳಿ, ಬೆಂಗಳೂರಿನಲ್ಲಿ ಸೌಲಭ್ಯವಿದೆ. ಎಲ್ಲ ದಿನವೂ ಹಾಕುವುದಿಲ್ಲ, ಏಕೆಂದರೆ ಒಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಮದ್ದಿರುತ್ತದೆ, ಬೆರೆಸಿದ ಮೇಲೆ ಆರು ಗಂಟೆಯೊಳಗೆ ಮುಗಿಸಬೇಕು. ಹಾಗಾಗಿ ದಿನ ಕೇಳಿಕೊಂಡೇ ಮೈಸೂರಿನಿಂದ ಬಸ್ ಹತ್ತಿ. ಪಾಸ್‌ಪೋರ್ಟ್ ಒಯ್ಯಿರಿ, ಅದರ ನಂಬರನ್ನು ಪ್ರಮಾಣಪತ್ರವಾಗಿ ಕೊಡುವ ಹಳದಿ ಕಾರ್ಡಿನ ಮೇಲೆ ಬರೆಯುತ್ತಾರೆ. ಮನೆಗೆ ಹೊರಡುವ ಮುಂಚೆ ಅಂಕಿಗಳನ್ನು ಒಂದೊಂದಾಗಿ ತಾಳೆ ನೋಡಿ. ಹಾಕಿಸಿದ 10 ದಿನದ ಮೇಲೆ ಕಾರ್ಡು ಊರ್ಜಿತ, 2016ರಿಂದ ಅದು ಜೀವಮಾನಕ್ಕೆ ಸಾಕು.

60 ದಾಟಿದವರಿಗೆ ಮೊದಲ ಸಲ ಈ ಲಸಿಕೆ ಕೊಡುವಾಗ ವೈದ್ಯರು ಹೆಚ್ಚು ಎಚ್ಚರ ವಹಿಸುತ್ತಾರೆ. ಇದು ಜೀವಂತ ವೈರಸ್ಸಿನ ಲಸಿಕೆ, ಅಪರೂಪಕ್ಕೆ ಗಂಭೀರ ತೊಂದರೆ ಕೊಡುವುದುಂಟು. ಮೊಟ್ಟೆಯ ತೀವ್ರ ಅಲರ್ಜಿ ಇರುವವರಿಗೆ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ತೆಗೆದುಕೊಳ್ಳುವವರಿಗೆ ಕೊಡುವುದಿಲ್ಲ. ಮೊದಲು ನಿಮ್ಮ ಡಾಕ್ಟರನ್ನು ಕಾಣಿ, ಆಮೇಲೆ ಟಿಕೆಟ್. ಮಲೇರಿಯಾ ತಡೆಯುವ ಮಾತ್ರೆಯ ವಿಚಾರವೂ ಅಂದೇ ಕೇಳಿ. ಡಾಕ್ಟರು ಲಸಿಕೆ ಬೇಡವೆಂದರೆ ಅಮೆಜಾನ್ ಬಿಟ್ಟು ಕೆಳಗೆ ಹೇಳಿರುವ ಬೋರ್ನಿಯೊ ನೋಡಿ.

ಪ್ರಶ್ನೆ: ಅಮ್ಮನಿಗೆ ಮಂಡಿ ನೋವು. ಹೊಸ್ತಿಲು ದಾಟುವಾಗಲೂ ಕೈ ಹಿಡಿಯಬೇಕು. ಬೋಟಿನಲ್ಲಿ ಕೂತೇ ಇರುವುದಲ್ಲವೇ, ಕರೆದೊಯ್ಯಬಹುದೇ? (ಸರಸ್ವತಿಪುರಂ, ಮೈಸೂರು)

ಕೂತಿರುವುದು ಬೋಟಿನಲ್ಲಿ. ಕಷ್ಟ ಇರುವುದು ಹತ್ತಿ ಇಳಿಯುವುದರಲ್ಲಿ. ಇಲ್ಲೂ ತೀರ್ಮಾನ ನೀರಿನ ಮಟ್ಟದ್ದೇ. ನೀರು ಇಳಿದಾಗ ದಂಡೆ ಮೂರಂತಸ್ತಿನ ಮನೆಯಷ್ಟು ಎತ್ತರ ನಿಲ್ಲುತ್ತದೆ. ಜೇಡಿಯಲ್ಲಿ ಕಡಿದ ಮೆಟ್ಟಿಲು, ಹಿಡಿಯಲು ಒಂದು ಬಿದಿರೋ ಹಗ್ಗವೋ. ಮಳೆ ಬಿದ್ದರೆ ಸಾಬೂನು. ನೀರು ಮೇಲಿದ್ದಾಗ ಅದೇ ಹಳ್ಳಿಗೆ ದೋಣಿಯಿಂದ ಹೆಚ್ಚುಕಡಿಮೆ ಸಮಮಟ್ಟದಲ್ಲಿ ಕಾಲಿಡಬಹುದು. ಅಮ್ಮನಿಗಾಗಿ ಪೆರುವಿನಲ್ಲಿ ಮಾರ್ಚ್, ಏಪ್ರಿಲ್ ಆರಿಸಿ.

ಬೋಟಿನಿಂದ ಸಣ್ಣ ದೋಣಿಗೆ ಇಳಿಯುವುದನ್ನು ಮನೆಯಲ್ಲೇ ಕಲಿಸಿಕೊಡಿ. ಅಂಗೈಗೆ ಅಂಗೈ ಕೊಟ್ಟರೆ ಒದ್ದೆ ಕೈ ಜಾರುತ್ತದೆ. ಸಿಬ್ಬಂದಿಯ ಮುಂಗೈಯನ್ನು ಅಮ್ಮ ಹಿಡಿಯಬೇಕು, ಅಮ್ಮನ ಮುಂಗೈಯನ್ನು ಆತ. ಒಬ್ಬರ ಹಿಡಿತ ಬಿಟ್ಟರೂ ಇನ್ನೊಬ್ಬರದ್ದು ಉಳಿಯುತ್ತದೆ. ಕಾಲು ದೋಣಿಯ ಅಂಚಿನ ಮೇಲಲ್ಲ, ನಡು ತಳದಲ್ಲಿ. ಇಟ್ಟ ತಕ್ಷಣ ಕೂರಬೇಕು, ಹಿಂದಿನವರಿಗೆ ಜಾಗ ಮಾಡಲೆಂದು ನಿಂತು ಸರಿಯಬಾರದು. ಹೆಗಲಲ್ಲಿ ಬ್ಯಾಗ್ ಬೇಡ. ಸೀರೆಯ ನಿರಿಗೆ ತೊಡಕು, ಸಡಿಲ ಪ್ಯಾಂಟು ಅಥವಾ ಚೂಡಿದಾರ್ ಇರಲಿ.

ಒಂದೊಂದು ಸುತ್ತು ಎರಡು ಮೂರು ಗಂಟೆ, ದೋಣಿಯಲ್ಲಿ ಶೌಚಾಲಯವಿಲ್ಲ. ಕಬಿನಿ ಹಿನ್ನೀರಿನ ಬೋಟ್ ಸಫಾರಿಗೆ ಒಮ್ಮೆ ಕರೆದೊಯ್ದರೆ ಅಷ್ಟು ಹೊತ್ತು ಕೂರಲಾಗುತ್ತದೆಯೇ ಎಂದು ತಿಳಿದುಹೋಗುತ್ತದೆ. ಬೋಟಿನಲ್ಲಿ ಕೆಳ ಡೆಕ್ಕಿನ ಕ್ಯಾಬಿನ್ ಬೇಡವೆಂದು ಎಲ್ಲರೂ ಹೇಳುವುದು ಎಂಜಿನ್ ಸದ್ದಿಗೆ. ಮಂಡಿ ನೋವಿನವರಿಗೆ ಮೆಟ್ಟಿಲು ತಪ್ಪುವುದರಿಂದ ಅದೇ ಒಳ್ಳೆಯದು. ಎಂಜಿನ್ ಕೋಣೆಯಿಂದ ದೂರದ್ದು, ಮುಂಭಾಗದ್ದು ಕೇಳಿ. ಹತ್ತಿರದ ಆಸ್ಪತ್ರೆ ಗಂಟೆಗಟ್ಟಲೆ ದೂರ. ರೋಗಿಯನ್ನು ಸಾಗಿಸುವ ಖರ್ಚು ಒಳಗೊಂಡ ವಿಮೆಯಿಲ್ಲದೆ ಹೊರಡಲೇಬೇಡಿ. ಔಷಧ ಎರಡು ಪಾಲು ಮಾಡಿ ಇಬ್ಬರ ಕೈಚೀಲದಲ್ಲಿಡಿ, ಚೀಟಿ ಸಮೇತ.

ಪ್ರಶ್ನೆ: ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು ನಾವು. ಗತಿ ಏನು? ಮದ್ದೂರು ವಡೆ ಕಟ್ಟಿಕೊಂಡು ಹೋಗಬಹುದೇ? (ಮದ್ದೂರು)

ಕಟ್ಟಿಕೊಳ್ಳಿ, ಆದರೆ ಈರುಳ್ಳಿ ಬಿದ್ದ ವಡೆ ಆ ಸೆಕೆಯಲ್ಲಿ ಎಷ್ಟು ದಿನ ತಾಳೀತು? ವಿಮಾನದಲ್ಲೇ ಮುಗಿಸಿ.

ಅಲ್ಲಿ ಅನ್ನವಿದೆ, ಮರಗೆಣಸು ಇದೆ, ಬಾಳೆಕಾಯಿ ಸುಟ್ಟದ್ದು, ಕರಿದದ್ದು ಬೇಕಾದಷ್ಟು. ತಾಳೆ ಜಾತಿಯ ಮರದ ಎಳೆ ತಿರುಳಿನ ಕೋಸಂಬರಿ ಪೆರುವಿನ ಬೋಟುಗಳಲ್ಲಿ ಸಾಮಾನ್ಯ. ಬ್ರೆಜಿಲ್‌ನಲ್ಲಿ ಎಲ್ಲದರ ಮೇಲೂ ಉದುರಿಸುವ ಫರೀನ್ಯ, ಮರಗೆಣಸಿನ ಹುರಿದ ರವೆಯೇ. ಮೋಸ ಹೋಗುವುದು ಎರಡು ಕಡೆ. ಹುರುಳಿಯಂತೆ ಕಾಣುವ ಕಪ್ಪು ಕಾಳಿನ ಸಾರಿಗೆ ಹಂದಿ ಮಾಂಸದ ತುಂಡು ಹಾಕಿ ಬೇಯಿಸುತ್ತಾರೆ. ಸೂಪು, ಕೆಲವೊಮ್ಮೆ ಅನ್ನಕ್ಕೂ ಕೋಳಿ ಬೇಯಿಸಿದ ನೀರು ಬೀಳುತ್ತದೆ. ‘ಕಾರ್ನೆ ಬೇಡ’ ಎಂದರೆ ಅವರಿಗೆ ದನ, ಹಂದಿ ಬೇಡವೆಂದು ಅರ್ಥ. ನಗುನಗುತ್ತಾ ಕೋಳಿ ತಂದಿಡುತ್ತಾರೆ, ಅವರ ತಪ್ಪೇನಿಲ್ಲ. ಹಾಗಾಗಿ ಒಂದೊಂದನ್ನೂ ಹೆಸರಿಸಿ. ಪೆರುವಿನಲ್ಲಿ: ಸಿನ್ ಕಾರ್ನೆ, ಸಿನ್ ಪೊಯ್ಯೊ, ಸಿನ್ ಪೆಸ್ಕಾದೊ, ಸಿನ್ ವೇವೊ. ಮಾಂಸ, ಕೋಳಿ, ಮೀನು, ಮೊಟ್ಟೆ ಇಲ್ಲದೆ ಎಂದು. ಬುಕಿಂಗ್ ವೇಳೆ ಬರೆದು ಕೊಡಿ, ಹತ್ತಿದ ದಿನ ಅಡುಗೆಯವರಿಗೆ ಮತ್ತೆ ಹೇಳಿ. ಬೋಟು ಹೊರಟ ಮೇಲೆ ದಾರಿಯಲ್ಲಿ ಅಂಗಡಿಯಿಲ್ಲ.

ಒಯ್ಯುವುದಾದರೆ ಅಂಗಡಿಯ ಸೀಲ್ ಇರುವ ಚಟ್ನಿಪುಡಿ, ಪುಳಿಯೋಗರೆ ಪುಡಿ, ಬಿಸಿನೀರು ಹಾಕಿದರೆ ಆಗುವ ಅವಲಕ್ಕಿ. ಹಣ್ಣು, ತರಕಾರಿ, ಬಿತ್ತನೆಗಾಗುವ ಕಾಳು, ಮನೆಯ ತುಪ್ಪ, ಮೈಸೂರು ಪಾಕು ಬೇಡ. ಹಾಲಿನ ಪದಾರ್ಥ, ಹಸಿ ಪದಾರ್ಥಕ್ಕೆ ಕಸ್ಟಮ್ಸ್‌ನಲ್ಲಿ ತಕರಾರು. ಏನಿದ್ದರೂ ಫಾರಂನಲ್ಲಿ ಬರೆದು ತೋರಿಸಿ.

ಪ್ರಶ್ನೆ: ಕಬಿನಿಯಲ್ಲಿ ಆನೆ ಹಿಂಡು ಕಂಡಂತೆ ಅಲ್ಲಿ ಜಾಗ್ವಾರ್, ಅನಕೊಂಡ ಕಾಣುತ್ತವೆಯೇ? (ಎಚ್.ಡಿ. ಕೋಟೆ)

ಆ ನಿರೀಕ್ಷೆ ಇಟ್ಟುಕೊಂಡು ಹೋಗಬೇಡಿ. ಕಬಿನಿಯಲ್ಲಿ ಬೇಸಿಗೆಗೆ ನೀರು ಹಿಂದೆ ಸರಿದು ಹುಲ್ಲು ಚಿಗುರಿ ಪ್ರಾಣಿಗಳು ಬಯಲಿಗೆ ಬರುತ್ತವೆ. ಅಮೆಜಾನ್‌ನಲ್ಲಿ ಎಲ್ಲೆಲ್ಲೂ ನೀರು, ಎಲ್ಲೆಲ್ಲೂ ಮೇವು. ಒಂದೆಡೆ ಕೂಡುವ ಅಗತ್ಯವೇ ಪ್ರಾಣಿಗಳಿಗಿಲ್ಲ. ಜಾಗ್ವಾರ್ ನೋಡಲೇಬೇಕಿದ್ದರೆ ಬ್ರೆಜಿಲ್‌ನ ಪಂತನಾಲ್ ಬಯಲಿಗೆ ಹೋಗಬೇಕು, ಅದು ಮಳೆಕಾಡಲ್ಲ. ಇಲ್ಲಿ ಕಾಣುವುದು ಗುಲಾಬಿ ಡಾಲ್ಫಿನ್, ಸ್ಲಾತ್, ಹಲವು ಜಾತಿ ಕೋತಿ, ಮಕಾವ್ ಗಿಳಿಗಳು, ಎಲೆ ತಿಂದು ದನದಂತೆ ಹೊಟ್ಟೆಯಲ್ಲಿ ಹುಳಿಸಿ ಅರಗಿಸುವ ಹೊಆಟ್ಸಿನ್ ಹಕ್ಕಿ. ರಾತ್ರಿ ಟಾರ್ಚಿಗೆ ಕೇಮನ್ ಕಣ್ಣು ಕೆಂಡದಂತೆ ಹೊಳೆಯುತ್ತದೆ. ಡಾಲ್ಫಿನ್ ಬೂದು ಬಣ್ಣದ್ದಾದರೆ ಜಿಗಿಯುತ್ತದೆ. ಗುಲಾಬಿಯದ್ದು ಬೆನ್ನಷ್ಟೇ ತೋರಿಸಿ ಮುಳುಗುತ್ತದೆ, ಕ್ಯಾಮೆರಾ ಎತ್ತುವಷ್ಟರಲ್ಲಿ ಇರುವುದಿಲ್ಲ. ಮೊದಲು ಕೇಳಿಸುವುದು ಅದು ಉಸಿರು ಬಿಡುವ ‘ಫೂ’ ಶಬ್ದ. ಕಿವಿ ಆ ಕಡೆ ಇರಲಿ.

ಬೈನಾಕ್ಯುಲರ್ 8×42 ಸಾಕು. ದೋಣಿ ಅಲುಗುವಾಗ 10, 12 ಪಟ್ಟಿನದ್ದು ಕೈಯಲ್ಲಿ ನಿಲ್ಲುವುದಿಲ್ಲ.

ಪ್ರಶ್ನೆ: ನದಿಯಲ್ಲಿ ಇಳಿದರೆ ಪಿರಾನ್ಹಾ ಕಚ್ಚುತ್ತದೆಯೇ? (ಮಳವಳ್ಳಿ)

ಗೈಡ್ ತೋರಿಸಿದ ಜಾಗದಲ್ಲಿ ಜನ ಈಜುತ್ತಾರೆ. ಪಿರಾನ್ಹಾ ತೊಂದರೆ ನೀರು ಬತ್ತಿ ಗುಂಡಿಗಳಲ್ಲಿ ಮೀನು ಸಿಕ್ಕಿಕೊಂಡಾಗ, ಅಥವಾ ಮೀನು ಕೊಯ್ಯುವ ಕಡೆ. ಮರಳಿನಲ್ಲಿ ಹುದುಗಿ ಕೂರುವ ತೊರಕೆ (ಸ್ಟಿಂಗ್‌ರೇ) ಮೀನಿಗೆ ಹೆಚ್ಚು ಹೆದರಬೇಕು. ಕಾಲು ಎತ್ತಿ ಇಡಬೇಡಿ, ಮರಳಿನ ಮೇಲೆ ಎಳೆಯುತ್ತಾ ನಡೆಯಿರಿ, ಅದು ಸರಿದುಹೋಗುತ್ತದೆ. ಅದರ ಬಾಲದ ಮುಳ್ಳು ಚುಚ್ಚಿದರೆ ತಾಳಿಕೊಳ್ಳುವಷ್ಟು ಬಿಸಿಯಾದ, ಸುಡದ ನೀರಿನಲ್ಲಿ ಕಾಲು ಅದ್ದಿಟ್ಟರೆ ನೋವು ತಗ್ಗುತ್ತದೆ, ಆಮೇಲೆ ವೈದ್ಯರು.

ಪ್ರಶ್ನೆ: ಕ್ರೂಸ್ ದರ ನೋಡಿ ತಲೆ ತಿರುಗಿತು. ಊರ ಜನ ಹೋಗುವ ಬೋಟಿನಲ್ಲಿ ಹೋಗಬಹುದಂತೆ? (ಮಂಡ್ಯ)

ಐಷಾರಾಮಿ ಬೋಟುಗಳಲ್ಲಿ ಒಬ್ಬರಿಗೆ ಒಂದು ರಾತ್ರಿಗೆ ನೂರಾರು ಡಾಲರ್, ಕೆಲವದ್ದು ಸಾವಿರ ದಾಟುತ್ತದೆ, ಅದೂ ಇಬ್ಬರು ಕ್ಯಾಬಿನ್ ಹಂಚಿಕೊಂಡರೆ. ಒಬ್ಬರೇ ಹೋದರೆ ಹೆಚ್ಚುವರಿ. ಇಲ್ಲಿಯ ಏಜೆಂಟರ ಮೂಲಕ ಪ್ಯಾಕೇಜ್ ಕೊಂಡರೆ ಮೇಲೆ ಟಿಸಿಎಸ್ (ಮಾರುವವರೇ ವಸೂಲಿ ಮಾಡಿ ಕಟ್ಟುವ ತೆರಿಗೆ) ಹಿಡಿಯುತ್ತಾರೆ. ಅದು ಆದಾಯ ತೆರಿಗೆ ರಿಟರ್ನ್‌ನಲ್ಲಿ ಜಮೆಯಾಗುತ್ತದೆ, ರಸೀದಿ ಇಟ್ಟುಕೊಳ್ಳಿ.

ಜನಸಾಮಾನ್ಯರ ಬೋಟು ಅಗ್ಗ. ಮನೌಸ್‌ನಿಂದ ಸಮುದ್ರದ ಕಡೆಯ ಬೆಲೆಂ ನಗರಕ್ಕೆ ಇಳಿಮುಖವಾಗಿ ನಾಲ್ಕೈದು ದಿನ. ಬೆಂಚಿಲ್ಲ, ಮಂಚವಿಲ್ಲ, ಡೆಕ್ಕಿನ ಕೊಕ್ಕೆಗಳಿಗೆ ಹ್ಯಾಮಕ್ ಕಟ್ಟಿ ಮಲಗುವುದು, ನಮ್ಮ ತೊಟ್ಟಿಲ ಜೋಲಿ ದೊಡ್ಡವರಿಗೆ ಕಟ್ಟಿದಂತೆ. ಹ್ಯಾಮಕ್ಕು, ಎರಡು ತುಂಡು ಹಗ್ಗ ಬಂದರಿನ ಬಳಿಯ ಅಂಗಡಿಯಲ್ಲೇ ಸಿಗುತ್ತವೆ. ಹತ್ತಿಯದ್ದನ್ನೇ ಕೊಳ್ಳಿ, ನೈಲಾನ್ ಬೆವರಿಗೆ ಅಂಟುತ್ತದೆ. ಹೊರಡುವ ಹೊತ್ತಿಗಿಂತ ಎಷ್ಟೋ ಗಂಟೆ ಮುಂಚೆ ಹೋಗಿ ಜಾಗ ಹಿಡಿಯಿರಿ: ಶೌಚಾಲಯದಿಂದ ದೂರ, ಎಂಜಿನ್ನಿನಿಂದ ದೂರ, ರಾತ್ರಿಯಿಡೀ ಉರಿಯುವ ಬಲ್ಬಿನಿಂದ ದೂರ. ನೇರವಾಗಿ ಮಲಗಿದರೆ ಬೆನ್ನು ಬಿಲ್ಲಾಗುತ್ತದೆ, ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಿ. ನಡುರಾತ್ರಿ ಗಾಳಿಗೆ ಒಂದು ಹೊದಿಕೆ ಬೇಕೇ ಬೇಕು. ಬ್ಯಾಗನ್ನು ಹ್ಯಾಮಕ್ ಕೆಳಗಿನ ಕಂಬಕ್ಕೆ ಸರಪಳಿ ಹಾಕಿ ಬೀಗ.

ಕಾಡು ಕಾಣಬೇಕೆಂದರೆ ಏರುಮುಖದ ಬೋಟು ಹಿಡಿಯಿರಿ. ಇಳಿಯುವ ಬೋಟು ಸೆಳವಿನ ಲಾಭಕ್ಕೆ ನಡು ನದಿಯಲ್ಲಿ ಓಡುತ್ತದೆ. ಏರುವ ಬೋಟಿಗೆ ಸೆಳವು ಶತ್ರು, ಅದು ಕಡಿಮೆ ಇರುವ ದಂಡೆಯನ್ನು ಒತ್ತಿಕೊಂಡೇ ಹೋಗಬೇಕು. ದಿನ ಒಂದೆರಡು ಹೆಚ್ಚು ಹಿಡಿದರೂ ನೋಡಲು ಸಿಗುತ್ತದೆ. ಒಳ ತೊರೆ, ಗೈಡ್, ಸಣ್ಣ ದೋಣಿ ಇದರಲ್ಲಿ ಇಲ್ಲ. ಇದು ಬಸ್ಸು, ಸಫಾರಿಯಲ್ಲ.

ಪ್ರಶ್ನೆ: ಒಂದೇ ವಾರ ರಜೆ, ಅಷ್ಟು ದುಡ್ಡೂ ಇಲ್ಲ. ಹತ್ತಿರದಲ್ಲಿ ಮಳೆಕಾಡಿನ ನದಿಯಾನ ಇದೆಯೇ? (ಕೆ.ಆರ್. ನಗರ)

ಬೋರ್ನಿಯೊ ದ್ವೀಪ. ಹಳದಿ ಜ್ವರದ ಲಸಿಕೆಯ ರಗಳೆಯೂ ಇಲ್ಲ. ಎರಡು ದಾರಿ.

ಮಲೇಷ್ಯಾ ಪಾಲಿನ ಸಬಾದಲ್ಲಿ ಕಿನಬತಾಂಗನ್ ನದಿ, 560 ಕಿ.ಮೀ. ಉದ್ದ. ಕ್ವಾಲಾಲಂಪುರದಿಂದ ಸಂದಕಾನ್‌ಗೆ ವಿಮಾನ, ಅಲ್ಲಿಂದ ಸುಕಾವ್ ಹಳ್ಳಿಗೆ ರಸ್ತೆಯಲ್ಲಿ ಎರಡೂವರೆ ಗಂಟೆ. ಇಲ್ಲಿ ಮಲಗುವುದು ದಂಡೆಯ ಲಾಡ್ಜಿನಲ್ಲಿ, ಸುತ್ತುವುದು ದೋಣಿಯಲ್ಲಿ. ಉದ್ದ ಮೂಗಿನ ಪ್ರೊಬೊಸಿಸ್ ಕೋತಿಗಳು ಸಂಜೆ ನದಿ ಅಂಚಿನ ಮರಗಳಿಗೆ ಮಲಗಲು ಬರುತ್ತವೆ, ಹಾಗಾಗಿ ಸಂಜೆ ನಾಲ್ಕಕ್ಕೆ ಹೊರಡುವ ಸುತ್ತನ್ನು ತಪ್ಪಿಸಬೇಡಿ. ಒರಾಂಗುಟಾನ್, ಚಿಕ್ಕ ಗಾತ್ರದ ಬೋರ್ನಿಯೊ ಆನೆ ಅದೃಷ್ಟವಿದ್ದರೆ. ಸಬಾಕ್ಕೆ ಪ್ರತ್ಯೇಕ ವಲಸೆ ತಪಾಸಣೆ ಇದೆ. ಒಳನಾಡ ವಿಮಾನವೆಂದು ಪಾಸ್‌ಪೋರ್ಟ್ ದೊಡ್ಡ ಬ್ಯಾಗಿಗೆ ತುರುಕಬೇಡಿ. ಮಲೇಷ್ಯಾದಲ್ಲಿ ಇಳಿಯುವ ಮುಂಚಿನ ಮೂರು ದಿನದೊಳಗೆ ಡಿಜಿಟಲ್ ಆಗಮನ ಕಾರ್ಡ್ ತುಂಬಬೇಕು. ನವೆಂಬರಿನಿಂದ ಫೆಬ್ರುವರಿ ಮಳೆ, ನೆರೆ ಹೆಚ್ಚು.

ರಾತ್ರಿಯೂ ನದಿಯಲ್ಲೇ ಕಳೆಯಬೇಕೆನ್ನುವವರಿಗೆ ಇಂಡೊನೇಷ್ಯಾದ ತಂಜುಂಗ್ ಪುತಿಂಗ್. ಕುಮಾಯಿ ಬಂದರಿನಿಂದ ‘ಕ್ಲೊಟೊಕ್’ ಎಂಬ ಎರಡಂತಸ್ತಿನ ಮರದ ದೋಣಿ, ನಿಮ್ಮ ಗುಂಪಿಗೇ ಒಂದು, ಅಡುಗೆಯವರ ಸಮೇತ. ಮೂರು ಹಗಲು ಎರಡು ರಾತ್ರಿ ವಾಡಿಕೆ. ರಾತ್ರಿ ಮೇಲಂತಸ್ತಿನಲ್ಲಿ ಹಾಸಿಗೆ ಬಿಡಿಸಿ ಸೊಳ್ಳೆ ಪರದೆ ಕಟ್ಟುತ್ತಾರೆ. ಸಸ್ಯಾಹಾರಿಗಳಿಗೆ ಸೋಯಾದ ತೆಂಪೆ, ತಾಹು ಸುಲಭ. ‘ತೆರಾಸಿ’ ಬೇಡವೆನ್ನಿ, ಅದು ಸೀಗಡಿಯ ಹಿಂಡಿ, ಚಟ್ನಿಯಲ್ಲಿ ಅಡಗಿರುತ್ತದೆ. 1971ರಲ್ಲಿ ಶುರುವಾದ ಕ್ಯಾಂಪ್ ಲೀಕಿಯಲ್ಲಿ ಒರಾಂಗುಟಾನ್‌ಗಳಿಗೆ ಹಣ್ಣು ಇಡುವ ಹೊತ್ತಿಗೆ ಹೋಗಿ. ನೆಗಡಿ, ಕೆಮ್ಮಿದ್ದರೆ ದೋಣಿಯಲ್ಲೇ ಉಳಿಯಿರಿ, ನಮ್ಮ ನೆಗಡಿ ಅವಕ್ಕೂ ಹತ್ತುತ್ತದೆ. ಜೂನ್, ಜುಲೈ ಒಳ್ಳೆಯದು. ಆಗಸ್ಟ್ ನಂತರ ಕೆಲವು ವರ್ಷ ಸುತ್ತಲಿನ ಜೌಗು ನೆಲಕ್ಕೆ ಬೆಂಕಿ ಬಿದ್ದು ಹೊಗೆ ಕವಿಯುತ್ತದೆ.

ಬೋರ್ನಿಯೊ ಕಾಡಿನ ನೆಲದಲ್ಲಿ ಇಂಬಳ ಉಂಟು. ಮೊಳಕಾಲುದ್ದದ ಬಿಗಿ ನೇಯ್ಗೆಯ ಕಾಲುಚೀಲ ಒಯ್ಯಿರಿ.

ಪ್ರಶ್ನೆ: ಬಟ್ಟೆ, ಸೊಳ್ಳೆ ಔಷಧ, ಕ್ಯಾಮೆರಾ ಬಗ್ಗೆ ತಿಳಿಸಿ. (ವಿಜಯನಗರ, ಮೈಸೂರು)

ಜೀನ್ಸ್ ಮನೆಯಲ್ಲಿರಲಿ, ಒದ್ದೆಯಾದರೆ ಎರಡು ದಿನಕ್ಕೂ ಒಣಗುವುದಿಲ್ಲ. ತೆಳು, ಪೂರ್ತಿ ತೋಳಿನ, ತಿಳಿ ಬಣ್ಣದ ಬಟ್ಟೆ. ಕಪ್ಪು, ಗಾಢ ನೀಲಿಗೆ ಕೀಟಗಳು ಹೆಚ್ಚು ಮುತ್ತುತ್ತವೆ. ಡೀಟ್ (DEET) ಎಂಬ ಸೊಳ್ಳೆ ಓಡಿಸುವ ರಾಸಾಯನಿಕ 20ರಿಂದ 30 ಶೇಕಡಾ ಇರುವ ಕ್ರೀಮು ಅಥವಾ ಸ್ಪ್ರೇ ಬೇಕು, ಲೇಬಲ್ ಓದಿ ಕೊಳ್ಳಿ. ಮೊದಲು ಸನ್‌ಸ್ಕ್ರೀನ್, ಅದು ಆರಿದ ಮೇಲೆ ಇದು. ಡೀಟ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ: ಹಚ್ಚಿದ ಕೈ ಒರೆಸದೆ ಕನ್ನಡಕದ ಫ್ರೇಮು, ಕ್ಯಾಮೆರಾ ಮುಟ್ಟಬೇಡಿ. ರಬ್ಬರ್ ಬೂಟು ಹೆಚ್ಚಿನ ಬೋಟುಗಳಲ್ಲಿ ಅವರೇ ಕೊಡುತ್ತಾರೆ, ಪಾದದ ಅಳತೆ ಮುಂಚೆ ತಿಳಿಸಿ, ಹಾಕುವ ಮುನ್ನ ತಲೆಕೆಳಗೆ ಮಾಡಿ ಕೊಡವಿ.

ಎಲ್ಲರ ಕ್ಯಾಮೆರಾ ಮೊದಲ ಬೆಳಿಗ್ಗೆ ಕೈಕೊಡುವುದು ಒಂದೇ ಕಾರಣಕ್ಕೆ. ಎಸಿ ಕ್ಯಾಬಿನ್ನಿನಲ್ಲಿ ರಾತ್ರಿಯೆಲ್ಲ ತಣ್ಣಗಾದ ಲೆನ್ಸು ಹೊರಗಿನ ಹಸಿ ಗಾಳಿಗೆ ಬಂದ ಕೂಡಲೇ ಫ್ರಿಜ್ಜಿನಿಂದ ತೆಗೆದ ಚೊಂಬಿನಂತೆ ಬೆವರುತ್ತದೆ. ಒರೆಸಿದಷ್ಟೂ ಮತ್ತೆ ಮಂಜು. ಹೊರಡುವ ಅರ್ಧ ಗಂಟೆ ಮುಂಚೆ ಕ್ಯಾಮೆರಾವನ್ನು ಜಿಪ್ ಕವರಿನಲ್ಲಿ ಮುಚ್ಚಿ ಡೆಕ್ಕಿನ ನೆರಳಲ್ಲಿಡಿ; ತೇವ ಕವರಿನ ಹೊರಮೈಗೆ ಕೂರುತ್ತದೆ, ಲೆನ್ಸಿಗಲ್ಲ. ಹೊರಮೈ ಒಣಗಿದೆ ಎಂದು ಕಂಡ ಮೇಲೆ ತೆರೆಯಿರಿ.